ಎರಡು ಕವಡೆಯ ಗಂಟು

ಒದ್ದೆ ಪುಂಡಿನಾರಿನ ವಾಸನೆ ಇಂದಿಗೂ ನನ್ನನ್ನು ಮಸ್ಕಿಯ ನಮ್ಮ ಅಂಗಳದ ಆ ಮಧ್ಯಾಹ್ನಕ್ಕೆ ಒಯ್ಯುತ್ತದೆ.

ಅಜ್ಜ ಹಗ್ಗ ಹೊಸೆಯುತ್ತಿದ್ದ. ಅಣ್ಣನಿಗೆ ಕೊಟ್ಟಂಥ ಆಟ ನನಗೂ ಬೇಕೆಂದು ಹಟ ಹಿಡಿದಿದ್ದೆ. ಮೂರು ತೂತಿನ ತೊಗಲಿನ ಪಟ್ಟಿ, ಅದಕ್ಕೆ ಕಟ್ಟಿದ ದಾರದ ಎರಡು ಕುಣಿಕೆ, ಒಂದೊಂದರಲ್ಲಿ ಒಂದು ಕವಡೆ. ನಡುವಿನ ತೂತಿನಲ್ಲಿ ಕವಡೆ ತೂರುವುದಿಲ್ಲ. ಆದರೂ ಎರಡೂ ಒಂದೇ ಕುಣಿಕೆಗೆ ಬರಬೇಕು. ಅಣ್ಣ ಎಳೆದಾಡಿ ಸೋತು ಮೂಲೆಗೆ ಎಸೆದಿದ್ದ.

“ಇಕಿ ಇನ್ನಾ ಸಣ್ಣಾಕಿ, ಅಳ್ತಾಳ. ಹಗುರಾದ್ದು ಕೊಡ್ರಿ ಮಾವಾರ” ಎಂದಳು ಅವ್ವ.

ಅಜ್ಜ ನನಗೆ, “ಕರುವಿನ ಹಗ್ಗ ಬಿಚ್ಚು ಹೋಗು” ಎಂದ.

ಗಂಟು ಬಿಗಿದಿತ್ತು. ನಾನು ಎಳೆಯಲಿಲ್ಲ, ಹಗ್ಗವನ್ನು ಒಳಕ್ಕೆ ನೂಕಿ ಸಡಿಲಿಸಿದೆ. ಅಜ್ಜ ನನ್ನ ಬೆರಳುಗಳನ್ನೇ ನೋಡುತ್ತಿದ್ದ.

“ಅವ ಎಳಿತಾನ, ಇಕಿ ಸಡ್ಲ ಮಾಡ್ತಾಳ. ಇಕಿಗೆ ಅದಾ ಇರ್ಲಿ” ಎಂದ ಅಜ್ಜ, ಅಣ್ಣ ಎಸೆದ ಪಟ್ಟಿಯನ್ನೇ ನನ್ನ ಕೈಗಿಟ್ಟ.

ನೆರಳು ಬಾವಿಕಟ್ಟೆ ಮುಟ್ಟುವ ಹೊತ್ತಿಗೆ ಎರಡೂ ಕವಡೆ ಒಂದೇ ಕಡೆ ಸೇರಿದ್ದವು. ಕುಣಿಯುತ್ತ ಹೋಗಿ ಅಜ್ಜನ ಮುಂದೆ ಹಿಡಿದೆ.

ಹೊಸೆಯುತ್ತಿದ್ದ ಹಗ್ಗದಿಂದ ಅವನು ಕಣ್ಣೆತ್ತಲಿಲ್ಲ.

“ಚಲೋ ಆತು. ಈಗ ಮೊದಲಿದ್ದಂಗ ಮಾಡು. ನಿಮ್ಮವ್ವನೂ ಒಮ್ಮೆ ಬಿಡಿಸಿ ನೋಡ್ಲಿ.”