ಆರು ಹಗಲು, ಐದು ರಾತ್ರಿ

ಅಕ್ಕಿ ಡಬ್ಬದ ತಳದಲ್ಲಿ ಸಿಕ್ಕಿದ ಬಣ್ಣದ ಕಾಗದವನ್ನು ಚಿಕ್ಕಬೋರಮ್ಮ ಬಿಸಿಲಿಗೆ ಹಿಡಿದು ನೋಡಿದಳು. ಒಂದು ಮಗ್ಗುಲಲ್ಲಿ ಮುಗಿಲೆತ್ತರದ ಜೋಡಿ ಕಟ್ಟಡ. ಇನ್ನೊಂದು ಮಗ್ಗುಲಲ್ಲಿ ನೀರು ಉಗುಳುವ ಸಿಂಹ. ನೇರ ಅಡುಗೆಮನೆಗೆ ಬಂದು ಸೊಸೆಯ ಮುಂದೆ ಹಿಡಿದಳು.

"ಗಂಡನ್ನ ಕಟ್ಕಂಡು ದೇಸ ತಿರುಗಕ್ಕೆ ಒಂಟಿದ್ದೀಯಾ? ನನ್ನ ಯಾರ ಮನೆ ಬಾಗ್ಲಲ್ಲಿ ಬುಟ್ಟೋಗ್ತೀಯ?"

ಸುನಿತಾ ರೊಟ್ಟಿ ತಟ್ಟುವ ಕೈ ನಿಲ್ಲಿಸಲಿಲ್ಲ. "ನಿಮ್ಮ ಬುಟ್ಟು ಟೂರಾ? ಮೊದ್ಲು ಬರ್ಸಿರೋದೇ ನಿಮ್ಮೆಸ್ರು ಅತ್ತೆ."

ಒಂದು ವಾರಕ್ಕಾಗುವಷ್ಟು ಬೈಗುಳ ಕೂಡಿಸಿಕೊಂಡು ಬಂದಿದ್ದ ಚಿಕ್ಕಬೋರಮ್ಮನಿಗೆ ಅದನ್ನು ಎಲ್ಲಿ ಇಳಿಸುವುದೋ ತಿಳಿಯಲಿಲ್ಲ. ಕಾಗದವನ್ನು ಮಡಿಸಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಕಿಕ್ಕೇರಿ ಪಕ್ಕದ ಆ ಮನೆಗೆ ಸುನಿತಾ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷ. ದಿನವೂ ಐದಕ್ಕೆ ಏಳಬೇಕು, ಎರಡು ಹಸು ಕರೆಯಬೇಕು, ಡೈರಿಗೆ ಹಾಲು ಹಾಕಬೇಕು. ಅಷ್ಟರಲ್ಲಿ ಅತ್ತೆಯ ಮಂಡಿಗೆ ಬಿಸಿನೀರು, ಗಂಡ ಶಿವಣ್ಣನಿಗೆ ಕಾಫಿ, ಕೆಲಸಕ್ಕೆ ಹೋಗುವ ಮೈದುನ ಕುಮಾರನಿಗೆ ಬುತ್ತಿ. ಜ್ವರ ಬಂದಾಗಲೂ ಅವಳು ಮಲಗಿದವಳಲ್ಲ. ಅವಳಿಗೆ ಒಂದು ರಜೆ ಬೇಕಿತ್ತು. ಸುಮ್ಮನೆ ಆಸೆಗಲ್ಲ. ಈ ವರ್ಷ ಸಿಗದಿದ್ದರೆ ತನಗೇನೋ ಆಗಿಬಿಡುತ್ತದೆ ಎಂದು ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಅದಕ್ಕೇ ತನ್ನ ಹಾಲಿನ ದುಡ್ಡಿನ ಚೀಟಿ ಎತ್ತಿದ್ದಳು.

ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನೆದುರು ಲೋಕೇಶನದು ಜೆರಾಕ್ಸ್ ಅಂಗಡಿ. ಅದರೊಳಗೇ ಟೂರಿನ ವ್ಯವಹಾರ.

"ಬರೀ ಮಲೇಷ್ಯಾ ಆದ್ರೆ ಮೂರು ರಾತ್ರಿ ಅಕ್ಕ. ಸಿಂಗಪುರಾನೂ ಸೇರಿಸ್ಕಂಡ್ರೆ ಐದು ರಾತ್ರಿ, ಆರು ಹಗಲು. ಪಕ್ಕಪಕ್ಕದ ದೇಶ, ಬಸ್ಸಲ್ಲೇ ದಾಟಿಸ್ತಾರೆ."

"ಅಂಗಾದ್ರೆ ಎರಡೂ ಇರ್ಲಿ. ಮೂರನೇದು ಯಾವ್ದೂ ಇಲ್ವಾ?"

ಲೋಕೇಶ ನಕ್ಕ. ಸುನಿತಾ ನಗಲಿಲ್ಲ.

"ಎಷ್ಟು ಜನ?"

"ನಾಕು. ಇಬ್ರು ಗಂಡಸ್ರು, ಇಬ್ರು ಹೆಂಗಸ್ರು."

"ಅಲ್ಲಿಂದ ಮಾತಾಡಕ್ಕೆ ಬೇರೆ ಸಿಮ್ಮು ಬೇಕಾಯ್ತದೆ. ಹಾಕಿಸ್ಲಾ?"

"ಬ್ಯಾಡ. ರಜ ಅಂದ್ಮೇಲೆ ಫೋನ್ ಯಾಕೆ?"

ದಿನಾಂಕ ಕೇಳಿದಾಗ ಎಲ್ಲರೂ ಸ್ಕೂಲಿನ ರಜೆ ಹೇಳುತ್ತಾರೆ. ಸುನಿತಾ ಹಸುಗಳ ಗಬ್ಬದ ಲೆಕ್ಕ ಹೇಳಿದಳು. ಕರು ಹಾಕುವುದಕ್ಕೆ ಎರಡು ತಿಂಗಳಿರುವಾಗ ಹಸುವನ್ನು ಕರೆಯುವುದಿಲ್ಲ. ಎರಡೂ ಹಸು ಒಟ್ಟಿಗೆ ಹಾಲು ನಿಲ್ಲಿಸಿರುವುದು ಕಾರ್ತಿಕದ ಮೂರು ವಾರ ಮಾತ್ರ. ಅಷ್ಟರೊಳಗೆ ಹೋಗಿ ಬರಬೇಕು. ಇಷ್ಟು ಮುಂದಾಲೋಚನೆಯ ಗಿರಾಕಿಯನ್ನು ಲೋಕೇಶ ನೋಡಿರಲಿಲ್ಲ.

ಶಿವಣ್ಣ ಮೊದಲು ಒಪ್ಪಲಿಲ್ಲ. "ಮನೆ, ದನ ಎಲ್ಲಾ ಬುಟ್ಟು ಯಾವ ಟೂರಮ್ಮಿ?"

"ಹುಲ್ಲು ಆಕಕ್ಕೆ, ಸಗಣಿ ಬಾಚಕ್ಕೆ ಪಕ್ಕದ ಮನೆ ಚೌಡಯ್ಯಂಗೆ ಹೇಳಿವ್ನಿ. ನಿಮಗೇನು ಚಿಂತೆ?"

ಅವನಿಗೆ ಬೇರೆ ಚಿಂತೆ ಹುಡುಕಲು ಆಗಲಿಲ್ಲ. ಒಪ್ಪಿದ.

ಆದರೆ ವರ ಕೊಟ್ಟರೂ ಪೂಜಾರಿ ಬಿಡಬೇಕಲ್ಲ. ಹೊಣಕೆರೆಯಿಂದ ಶಿವಣ್ಣನ ಅಕ್ಕ ಪುಟ್ಟತಾಯಮ್ಮ ಫೋನು ಮಾಡಿದಳು. ಹಬ್ಬಹಬ್ಬಕ್ಕೆ ತವರಿಗೆ ಬಂದು, ಅಡುಗೆಮನೆಯ ಒಂದೊಂದು ಡಬ್ಬದ ಮುಚ್ಚಳವನ್ನೂ ತೆಗೆದು ನೋಡಿ, ತಮ್ಮನ ಹೆಂಡತಿಗೆ ಬುದ್ಧಿ ಹೇಳಿ ಹೋಗುವ ಹೆಂಗಸು ಅವಳು.

"ಅಲ್ಲ ಕಣೆ ಸುನಿತಾ, ಎಲ್ಲಾ ಟೂರ್ ಒಂಟವ್ರಂತಲ್ಲ. ಆ ಆರು ದಿನ ನಾನು ಬಂದು ಅಲ್ಲೇ ಇದ್ಬುಡ್ತೀನಿ. ಮನೆ ಕಾದಂಗೂ ಆಯ್ತದೆ."

ಆ ರಾತ್ರಿ ಸುನಿತಾ ನಿದ್ದೆ ಮಾಡಲಿಲ್ಲ. ಮಾರನೆಯ ದಿನ ಬೆಳಗಿನ ಬಸ್ಸಿಗೇ ಕೆ.ಆರ್. ಪೇಟೆಗೆ ಹೋದಳು. ಅಲ್ಲಿಂದ ಹೊಣಕೆರೆಗೂ ಹೋದಳು. ಸಂಜೆ ಮನೆಗೆ ಬಂದಾಗ ಮುಖ ತಿಳಿಯಾಗಿತ್ತು. ಪುಟ್ಟತಾಯಮ್ಮ ಮನೆ ಕಾಯುವ ಮಾತು ಅಲ್ಲಿಗೇ ನಿಂತಿತು.

ಹೊರಡಲು ಎರಡು ದಿನವಿರುವಾಗ ಚಿಕ್ಕಬೋರಮ್ಮ ಜಗುಲಿಯಲ್ಲಿ ಮಂಡಿ ಹಿಡಿದು ಕುಳಿತಳು. "ನಾ ಬರಾಕಿಲ್ಲ ಕಣ್ಲಾ ಸಿವಣ್ಣ. ನನ್ನ ಪಾಡಿಗೆ ನಾನು ಇಲ್ಲೇ ಬಿದ್ದಿರ್ತೀನಿ. ನೀವು ಓಗಿ."

ಕೊಟ್ಟಿಗೆಯಲ್ಲಿದ್ದ ಸುನಿತಾ ಓಡಿಬಂದಳು. ಅತ್ತೆಯ ಕಾಲ ಬಳಿ ಕುಕ್ಕರಿಸಿ ಎರಡೂ ಮಂಡಿಗೆ ಎಣ್ಣೆ ಹಾಕಿ ತಿಕ್ಕಿದಳು. ಅವಳ ಕಣ್ಣು ತುಂಬಿತ್ತು. ಅದು ನಾಟಕವಲ್ಲ.

"ಅಂಗನ್ಬೇಡಿ ಅತ್ತೆ. ನೀವು ಇಲ್ಲುಳಕಂಡ್ರೆ ಒಂದು ದಿನಾನೂ ನಂಗೆ ನೆಮ್ಮದಿ ಇರಾಕಿಲ್ಲ. ಈ ಟೂರ್ ಮಾಡಿಸ್ತಿರೋದೇ ದಂಡ ಆಗೋಯ್ತದೆ."

ಶಿವಣ್ಣ ಮೇಲಕ್ಕೂ ಕೆಳಕ್ಕೂ ನೋಡಿದ. "ನೋಡವ್ವ, ಇಂಥಾ ಸೊಸೆ ಯಾವೂರಲ್ಲವ್ಳೆ?" ಎಂದ. ಚಿಕ್ಕಬೋರಮ್ಮ ಮೂಗು ಒರೆಸಿಕೊಂಡು, ಬಿಸಿ ಸ್ವೆಟರ್ ಬೇಕಾಗುತ್ತದೋ ಎಂದು ಕೇಳಿದಳು. ಅಲ್ಲಿ ಸೆಕೆ ಎಂದು ಕುಮಾರ ಹೇಳಿದರೂ ಸುನಿತಾ ಎರಡು ಸ್ವೆಟರ್ ಇಟ್ಟಳು.

ಹೊರಡುವ ದಿನ ಮಧ್ಯಾಹ್ನಕ್ಕೇ ವ್ಯಾನು ಬಂತು. ನಾಲ್ಕು ಬ್ಯಾಗನ್ನೂ ಸುನಿತಾಳೇ ಎತ್ತಿಟ್ಟಳು. ಚಕ್ಕುಲಿ, ಚಟ್ನಿಪುಡಿ, ನೋವಿನ ಎಣ್ಣೆ, ಪಾಸ್‌ಪೋರ್ಟುಗಳ ಚೀಲ. ಒಂದೂ ಬಿಟ್ಟುಹೋಗಬಾರದು, ಯಾವುದಕ್ಕೂ ವ್ಯಾನು ಹಿಂದಕ್ಕೆ ಬರಬಾರದು ಎಂದು ಎರಡೆರಡು ಸಲ ನೋಡಿದಳು. ಶಿವಣ್ಣ ಮುಂದಿನ ಸೀಟಿನಲ್ಲಿ ಕುಳಿತ. ಕುಮಾರ ಹಿಂದೆ ಸೇರಿಕೊಂಡ. ಚಿಕ್ಕಬೋರಮ್ಮನನ್ನು ನಡುವೆ ದಿಂಬಿಟ್ಟು ಕೂರಿಸಿದರು. ಸುನಿತಾ ತನ್ನ ಹೆಸರು ತೆಗೆಸಿ ಬಿಟ್ಟುಕೊಟ್ಟಿದ್ದ ಕಿಟಕಿ ಪಕ್ಕದ ಕೊನೆಯ ಸೀಟಿಗೆ, ಹೊಸ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಪುಟ್ಟತಾಯಮ್ಮ ಹತ್ತಿದಳು.

ವ್ಯಾನು ತಿರುವು ದಾಟಿದ್ದನ್ನು ಕಣ್ಣಾರೆ ನೋಡಿ, ಒಳಗೆ ಬಂದು, ಬಾಗಿಲಿಗೆ ಅಗುಳಿ ಹಾಕಿ, ಹಾಡುಹಗಲಲ್ಲೇ ಚಾಪೆ ಬಿಡಿಸಿಕೊಂಡು ಸುನಿತಾ ತನ್ನ ರಜೆ ಶುರುಮಾಡಿದಳು.