ಡಬ್ಬದ ಜಂಬ

ಬಾಗಿಲಲ್ಲಿದ್ದ ಸೆಕ್ಯುರಿಟಿಯವನು ಎದ್ದು ಸಲಾಮು ಹೊಡೆದು ಕೈಗೆ ಏನೋ ಕೊಟ್ಟ. ಷಣ್ಮುಖಯ್ಯನವರು ಅವನ ಮುಖವನ್ನೂ ನೋಡದೆ ಅದನ್ನು ಜೇಬಿಗೆ ತುರುಕಿಕೊಂಡು, ನೆಟ್‌ವರ್ಕ್ ರೂಮಿನ ದೊಡ್ಡ ಕುರ್ಚಿಯಲ್ಲಿ ಹೋಗಿ ಕುಳಿತರು. ಪಕ್ಕದಲ್ಲಿ ನಿಂತ ಇಂಜಿನಿಯರ್ ಫಿಲೋಮಿನಾಳನ್ನು ಕಂಡರೆ ಅವರಿಗೆ ಮೊದಲಿನಿಂದಲೂ ತಾತ್ಸಾರ.

"ಈ ರೂಟರಿಂದ ಆ ಹಳೇ ಅಡ್ರೆಸ್ ನಂಬರ್ ತೆಗಿ ಅಂತ ನಿನ್ನೆ ಫೋನಲ್ಲಿ ಹೇಳಿದ್ನಲ್ಲ, ತೆಗೆದ್ಯಾ?"

"ಬೆಳಿಗ್ಗೇನೇ ತೆಗೆದೆ ಸಾರ್."

"ಮತ್ತೆ ಉಳಿದ ರೂಟರುಗಳ ಮುಂದೆ ಇನ್ನೂ ಅದೇ ನಂಬರ್ ಹೇಳ್ಕೊಂಡು ಮೆರೀತಿದೆ? ಏನು ಕಡಿದು ಕಟ್ಟೆ ಹಾಕ್ದೆ ನೀನು?"

"ಅದು ಹಾಗೇ ಸಾರ್. ಆನ್ ಆದಾಗ ತನ್ನ ಅಡ್ರೆಸ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡ ನಂಬರನ್ನೇ ತನ್ನ ಹೆಸರು, ಐಡಿ ಮಾಡ್ಕೊಳ್ಳುತ್ತೆ. ಆಮೇಲೆ ಆ ಅಡ್ರೆಸ್ ಹೋದ್ರೂ ಐಡಿ ಬಿಡಲ್ಲ. ಆಫ್ ಮಾಡಿ ಆನ್ ಮಾಡೋವರೆಗೂ ಅದೇ."

ಷಣ್ಮುಖಯ್ಯನವರು ಮೂಗು ಮುರಿದರು.

"ಥೂ! ಇದ್ದದ್ದು ಕೈಬಿಟ್ಟು ಹೋಗಿದೆ, ಆದ್ರೂ ಹಳೇ ಹೆಸರಲ್ಲೇ ಜಂಬ. ಮಾನ ಮರ್ಯಾದೆ ಇಲ್ಲದ ಡಬ್ಬ! ಅಕ್ಕಪಕ್ಕದವಾದ್ರೂ ಹೇಳಬಾರ್ದಾ?"

"ಅವು ಏನೂ ಹೇಳಲ್ಲ ಸಾರ್. ಅದು ಏನಂದ್ರೆ ಅದನ್ನೇ ಒಪ್ಕೊಂಡು ಸುಮ್ಮನಿರುತ್ವೆ," ಎಂದಳು ಇನ್ನೂ ನಿಂತೇ ಇದ್ದ ಫಿಲೋಮಿನಾ.

"ಹೇಡಿಗಳು!" ಎಂದು ಷಣ್ಮುಖಯ್ಯನವರು ಕುರ್ಚಿಗೆ ಇನ್ನಷ್ಟು ಒರಗಿದರು.

ಅಷ್ಟರಲ್ಲಿ ಸೆಕ್ಯುರಿಟಿಯವನು ಬಾಗಿಲಲ್ಲಿ ಇಣುಕಿದ.

"ಸಾರ್, ರಿಟೈರಾದೋರಿಗೆ ಅರ್ಧ ಗಂಟೆ ಅಷ್ಟೇ ಬಿಡೋದು. ಆ ವಿಸಿಟರ್ ಪಾಸ್ ವಾಪಸ್ ಕೊಡಿ, ಮೇಡಮ್ಮು ತಮ್ಮ ಕುರ್ಚೀಲಿ ಕೂತ್ಕೊಳ್ಲಿ."