ಅಮ್ಮನ ಕೈಮಾತು

"ನನ್ನ ಹಳೇ ಹಾರ್ಡ್ ಡಿಸ್ಕ್ ಎಲ್ಲೋ?"

ಬಣ್ಣದಂಗಡಿಯೊಳಗೆ ಕಾಲಿಡುತ್ತಲೇ ಅಕ್ಕ ಕೇಳಿದಳು. ಅವಳ ತಮ್ಮ ಗಿರಾಕಿಯೊಬ್ಬನಿಗೆ ತಿಳಿನೀಲಿ ಬಣ್ಣ ಕಲಸುತ್ತಿದ್ದ. ತಲೆಯೆತ್ತದೆ ಗಲ್ಲದಲ್ಲೇ ಗೋಡೆಯ ಕಡೆ ತೋರಿಸಿದ. ಅಲ್ಲಿ ಹಲಗೆಯ ಮೇಲೆ ಅಂಗಡಿಯ ಕ್ಯಾಮೆರಾಗಳ ರೆಕಾರ್ಡರ್ ಹಸಿರು ದೀಪ ಮಿಟುಕಿಸುತ್ತಾ ಕೂತಿತ್ತು.

"ಅದ್ರೊಳಗಿದೆ. ನಿನ್ ಕಂಪ್ಯೂಟರಿಗೆ ಹೊಸದು ಹಾಕಿದ್ನಲ್ಲ, ಹಳೇದು ಸುಮ್ನೆ ಬಿದ್ದಿತ್ತು. ಕ್ಯಾಮೆರಾಕ್ಕೆ ಧಾರಾಳವಾಯ್ತು."

"ವಿಡಿಯೋಗಳು?"

"ಫೈಲು, ಫೋಟೋ ಎಲ್ಲಾ ಹೊಸದಕ್ಕೆ ಹಾಕಿದೀನಿ. ವಿಡಿಯೋ ಹಿಡೀಲಿಲ್ಲ ಕಣೇ, ಹೊಸದ್ರಲ್ಲಿ ವೇಗ ಜಾಸ್ತಿ, ಜಾಗ ಕಮ್ಮಿ. ತೆಗೆದು ನೋಡ್ದೆ, ಬರೀ ಅಮ್ಮ ಕೈ ಆಡಿಸ್ತಾ ಕೂತಿರೋದು. ಒಂದೇ ಥರದವು ಮುನ್ನೂರು. ಬೇಕಾದಾಗ ಮತ್ತೆ ತೆಗೆದ್ರಾಯ್ತು ಅಂತ..."

ಕಲಸುವ ಕೋಲಿನಿಂದ ನೀಲಿ ಅವನ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು.

ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲವಾದ್ದರಿಂದ ಅವಳ ಸನ್ನೆಗಳು ಯಾವ ಪುಸ್ತಕದಲ್ಲೂ ಇರಲಿಲ್ಲ. ಮನೆಯಲ್ಲೇ ಹುಟ್ಟಿ ಮನೆಯಲ್ಲೇ ಬೆಳೆದವು. ಅಕ್ಕ ಅವನ್ನು ಒಂದೊಂದಾಗಿ ವಿಡಿಯೋ ಮಾಡಿ, ಕೆಳಗೆ ಅರ್ಥ ಬರೆದು, ನಾಲ್ಕು ವರ್ಷ ಕೂಡಿಟ್ಟಿದ್ದಳು. ಡಿಸ್ಕ್ ಬದಲಾಯಿಸಿದ ಮೂರನೇ ವಾರಕ್ಕೆ ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು. ಇವತ್ತು ಬೆಳಿಗ್ಗೆ ವ್ಯಾಯಾಮ ಮಾಡಿಸಲು ಬಂದಾಕೆ, "ಅವರದೇ ಹಳೇ ಸನ್ನೆಗಳಿದ್ರೆ ತೋರಿಸಿ. ನೋಡ್ತಾ ನೋಡ್ತಾ ಎಡಗೈ ಕಲಿಯುತ್ತೆ" ಎಂದಿದ್ದಳು. ಅಕ್ಕ ಆಸೆಯಿಂದ ಓಡಿಹೋಗಿ ಕಂಪ್ಯೂಟರ್ ತೆರೆದರೆ, ಅಲ್ಲಿ ಏನೂ ಇರಲಿಲ್ಲ.

ಅವಳು ರೆಕಾರ್ಡರಿನ ವೈರನ್ನು ಗೋಡೆಯಿಂದ ಕಿತ್ತೇಬಿಟ್ಟಳು. ಗಿರಾಕಿ ಆಮೇಲೆ ಬರುತ್ತೇನೆಂದು ಮೆಲ್ಲಗೆ ಜಾರಿಕೊಂಡ. ತಮ್ಮ ತಕ್ಷಣ ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಹಚ್ಚಿದ.

"ಎಷ್ಟು ದಿನದಿಂದ ಓಡ್ತಿದೆ?" ರಿಪೇರಿಯವನು ಕೇಳಿದ.

"ಎರಡು ತಿಂಗಳು."

"ಹಾಗಾದ್ರೆ ಹಳೇ ವಿಡಿಯೋಗಳ ಮೇಲೆ ಕ್ಯಾಮೆರಾ ಅದೆಷ್ಟು ಸುತ್ತು ಬರೆದಿರುತ್ತೋ. ಬಿಟ್ಬಿಡಿ ಸಾರ್, ಸಿಗಲ್ಲ."

"ಏನ್ ರೆಕಾರ್ಡ್ ಮಾಡ್ಕೊಂಡೆ ಅದರ ಮೇಲೆ?" ಅಕ್ಕನ ಗಂಟಲು ಬೀದಿಗೆ ಕೇಳುವಷ್ಟು ಏರಿತ್ತು. "ಶಟರು! ದಿನಾ ರಾತ್ರಿ ಮುಚ್ಚಿದ ಶಟರು! ಅಮ್ಮನ ಬಾಯಿ ಅಳಿಸಿ ಕಬ್ಬಿಣದ ಬಾಗಿಲು ತುಂಬಿಸಿಟ್ಟಿದೀಯ. ಒಂದ್ ಮಾತು, ಒಂದೇ ಒಂದ್ ಮಾತು ನನ್ನ ಕೇಳಿದ್ರೆ ನಿನ್ ಗಂಟೇನು ಹೋಗ್ತಿತ್ತು?"

"ನಿಂಗೆ ಒಳ್ಳೇದಾಗ್ಲಿ ಅಂತಾನೇ ಮಾಡ್ದೆ ಅಲ್ವೇನೇ. ಆಗ ಅಮ್ಮ ಚೆನ್ನಾಗೇ ಇದ್ಲು."

"ಚೆನ್ನಾಗಿದ್ದಾಗ ನೀನು ಕಲಿತಿದ್ದೆಷ್ಟು? ಊಟ, ನೀರು, ಟಾಟಾ. ಮೂರು! ಮಿಕ್ಕಿದ್ದಕ್ಕೆಲ್ಲ ನಾನಿದ್ನಲ್ಲ, ನಿನ್ನ ಚಾಕರಿಗೆ."

ಅಂಗಡಿಯ ಮೇಲೆಯೇ ಮನೆ. ಅಕ್ಕ ದಡದಡ ಮೆಟ್ಟಿಲು ಹತ್ತಿದಳು. ರೆಕಾರ್ಡರ್ ಪೆಟ್ಟಿಗೆಯ ತಿರುಪು ಬಿಚ್ಚಿದ ತಮ್ಮ, ಇನ್ನೂ ಬೆಚ್ಚಗಿದ್ದ ಡಿಸ್ಕನ್ನು ಕೈಯಲ್ಲಿ ಹಿಡಿದು ಹಿಂದೆಯೇ ಬಂದ. ಕಿಟಕಿಯ ಬಳಿ ಕುರ್ಚಿಯಲ್ಲಿದ್ದ ಅಮ್ಮ ಇಬ್ಬರ ಮುಖವನ್ನೂ ನೋಡಿದಳು. ಏನೋ ನಡೆದಿದೆಯೆಂದು ಅವಳಿಗೆ ಗೊತ್ತಾಯಿತು. ಎಡಗೈ ಎತ್ತಿ ಗಾಳಿಯಲ್ಲಿ ಅರ್ಧ ವೃತ್ತ ಬರೆದಳು. ಮಿಕ್ಕರ್ಧ ಬರೆಯಬೇಕಾದ ಬಲಗೈ ಮಡಿಲಲ್ಲೇ ಬಿದ್ದಿತ್ತು.

ತಮ್ಮ ಎಂದಿನಂತೆ ಅಕ್ಕನತ್ತ ತಿರುಗಿದ. "ಏನಂತೆ?"

ಅಕ್ಕನ ಕಣ್ಣು ಕೆಂಡವಾಗಿತ್ತು. "ನಲವತ್ತು ವರ್ಷ ಹೇಳಿದೀನಿ. ಇನ್ನು ಹೇಳಲ್ಲ. ನಿನ್ ಅಮ್ಮ, ನೀನೇ ಕೇಳ್ಕೋ."

ಅಮ್ಮ ಮತ್ತೆ ಕೈ ಎತ್ತಿದಳು, ಈ ಸಲ ಸಿಡುಕಿನಿಂದ. ಅದೇ ಅರ್ಧ ವೃತ್ತ. ಅವನಿಗೆ ತಲೆಬುಡ ತಿಳಿಯಲಿಲ್ಲ. ಡಿಸ್ಕನ್ನು ನೆಲಕ್ಕಿಟ್ಟು, ಅವಳ ಮುಂದೆ ಮಂಡಿಯೂರಿ, ಬಗ್ಗಿ, ತನ್ನ ಕಿವಿಯನ್ನು ಎಂದೂ ಮಾತಾಡದ ಅವಳ ಬಾಯಿಯ ಹತ್ತಿರ ಒಯ್ದ.